ಏಳು ಇಫ್‌ಗಳನ್ನು ಬಿಚ್ಚಿದ ರಾಣಿ

ಯಲಹಂಕ ನ್ಯೂ ಟೌನಿನ ಆ ಸಣ್ಣ ಕಂಪನಿಯಲ್ಲಿ ಎರಡು ಕೋಣೆಗಳಿದ್ದವು. ಒಂದರಲ್ಲಿ ಹಾಲು ಪರೀಕ್ಷಿಸುವ ಯಂತ್ರಗಳನ್ನು ಸಾಲಾಗಿ ಇಟ್ಟು, ಒತ್ತಿ, ತಟ್ಟಿ, ಆರಿಸಿ, ಮತ್ತೆ ಹಾಕಿ ನೋಡುವವರು ಕೂರುತ್ತಿದ್ದರು. ಅದು ಟೆಸ್ಟಿಂಗ್. ಇನ್ನೊಂದರಲ್ಲಿ ಆ ಯಂತ್ರಗಳೊಳಗೆ ಓಡುವ ಕೋಡ್ ಬರೆಯುವವರು. ನಡುವೆ ಒಂದು ಗಾಜಿನ ಬಾಗಿಲು. ಬಾಗಲಗುಂಟೆಯ ರಾಣಿ ಒಂಬತ್ತು ವರ್ಷ ಆ ಬಾಗಿಲಿನ ಈಚೆ ಕೂತಿದ್ದಳು. ನಲವತ್ತೊಂದನೆಯ ವಯಸ್ಸಿನಲ್ಲಿ ಎದ್ದು ಆಚೆ ಹೋಗಿ ಕೂತಳು. ಆರು ತಿಂಗಳ ಮಟ್ಟಿಗೆ.

"ಆರು ತಿಂಗಳು ನೋಡೋಣ್ರೀ," ಅಂದಿದ್ದರು ವಿಜಯಕುಮಾರ. ಕೋಡ್ ಕೋಣೆಯ ಮುಖ್ಯಸ್ಥರು, ವಿಜಯಪುರದ ಕಡೆಯವರು. "ನೀವು ಬರದ ಕೋಡ್ ಒಂದಾದ್ರೂ ಫೀಲ್ಡಿನಾಗ ಗಟ್ಟಿ ನಿಂತ್ರ ಇಲ್ಲೇ ಇರ್ರಿ. ಇಲ್ಲಾಂದ್ರ ಟೆಸ್ಟಿಂಗ್ ಎಲ್ಲೂ ಓಡಿ ಹೋಗಂಗಿಲ್ಲ."

ರಾಣಿ ಇಂಜಿನಿಯರಿಂಗ್ ಓದಿದವಳಲ್ಲ. ಐಟಿಐ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಂಟು ವರ್ಷ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕಿದವಳು. ಬಲಗೈ ತೋರುಬೆರಳಿನ ತುದಿಯಲ್ಲಿ ಅದರ ಗುರುತು ಇನ್ನೂ ಇದೆ, ಎಳ್ಳುಕಾಳಿನಷ್ಟು. ಟೆಸ್ಟಿಂಗಿಗೆ ಬಂದ ಮೇಲೆ ಅವಳು ವರದಿಯಲ್ಲಿ "ಯಂತ್ರ ನಿಂತುಹೋಯಿತು" ಎಂದು ಬರೆದಾಗಲೆಲ್ಲ ಗಾಜಿನ ಆಚೆಯಿಂದ "ನಮ್ಮ ಹತ್ರ ಚೆನ್ನಾಗೇ ಓಡ್ತಿದೆ" ಎಂಬ ಉತ್ತರ ಬರುತ್ತಿತ್ತು. ಮೂರನೆಯ ಸಲ ಆ ಉತ್ತರ ಬಂದ ದಿನ ಅವಳಿಗೆ ಸಿಟ್ಟು ನೆತ್ತಿಗೇರಿತು. ಆ ಕೋಡನ್ನೇ ಪ್ರಿಂಟ್ ಹಾಕಿಸಿಕೊಂಡು ಬ್ಯಾಗಿಗೆ ತುರುಕಿಕೊಂಡಳು.

ಅವಳ ಶಾಲೆ ಬಸ್ಸಾಯಿತು. ಬೆಳಗ್ಗೆ ಜಾಲಹಳ್ಳಿ ಕ್ರಾಸ್‌ನಲ್ಲಿ ಬಸ್ಸು ಬದಲಿಸಿ ಯಲಹಂಕಕ್ಕೆ ಹೋಗುವಾಗ ಎಂ.ಎಸ್. ಪಾಳ್ಯದ ಸರ್ಕಲ್ಲಿನಲ್ಲಿ ಗಾಡಿ ಎರಡು ಪುಟ ಓದುವಷ್ಟು ಹೊತ್ತು ನಿಲ್ಲುತ್ತಿತ್ತು. ಉಳಿದವರು ಬೈದುಕೊಳ್ಳುವ ಆ ಟ್ರಾಫಿಕ್ಕನ್ನು ರಾಣಿ ಒಬ್ಬಳೇ ಹರಸುತ್ತಿದ್ದಳು. ಒಮ್ಮೆ ಕಂಡಕ್ಟರ್ ಬಗ್ಗಿ ನೋಡಿ, "ಏನ್ ಮೇಡಂ, ಮಗಳಿಗೆ ಎಕ್ಸಾಮಾ?" ಅಂದ.

"ನನಗೇ ಕಣ್ರೀ," ಅಂದಳು.

ಯಂತ್ರದಲ್ಲಿ ಎಲ್ಲಕ್ಕಿಂತ ಕೆಳಗೆ ಕೂತು, ತಂತಿಗೂ ಪರದೆಗೂ ನಡುವೆ ಮಾತು ಸಾಗಿಸುವ ಭಾಗಕ್ಕೆ ಕರ್ನೆಲ್ ಎನ್ನುತ್ತಾರೆ ಎಂದು ತಿಳಿಯಿತು. ಅಲ್ಲಿ ಸಿ ಭಾಷೆ. ಅಲ್ಲಿ ಯಾರೂ ನಯನಾಜೂಕಿನ ಮಾತಾಡುವುದಿಲ್ಲ. ಬೇಕಾದ್ದು ಇದೆಯೋ ಇಲ್ಲವೋ ಕೇಳು, ಇಲ್ಲದಿದ್ದರೆ ಹೊರಡು, ಇದ್ದರೆ ಕೆಲಸ ಮಾಡು. ಬೋರ್ಡಿನ ಮೇಲೆ ಕರೆಂಟು ಹರಿಯುವ ದಾರಿಯನ್ನು ಬೆರಳಲ್ಲಿ ಹಿಡಿದು ಅಭ್ಯಾಸವಿದ್ದವಳಿಗೆ ಆ ಸಾಲುಗಳು ಬೇಗ ಒಲಿದವು. ಪ್ರಪಂಚದ ಎಲ್ಲೆಲ್ಲಿನವರೋ ಬರೆದ ಕರ್ನೆಲ್ ಕೋಡನ್ನು ಮೂರು ವರ್ಷ ಓದಿದಳು. ಪುಸ್ತಕ ಓದಿ ಕೋಡಿಗೆ ಬಂದವಳಲ್ಲ ಅವಳು, ಕೋಡು ಓದಿ ಕೋಡಿಗೆ ಬಂದವಳು.

ಆದರೂ ಆರು ತಿಂಗಳಲ್ಲಿ ಐದು ಕಳೆದಿದ್ದವು. ಅವಳ ಹೆಸರಿನಲ್ಲಿ ಗಟ್ಟಿ ನಿಂತ ಕೋಡ್ ಒಂದೂ ಇರಲಿಲ್ಲ. ಸಣ್ಣಪುಟ್ಟ ತಿದ್ದುಪಡಿ, ಕಾಗುಣಿತದಂಥವು. ಗಾಜಿನ ಈಚೆ ಅವಳ ಹಳೆಯ ಕುರ್ಚಿ ಖಾಲಿಯೇ ಇತ್ತು, ಅವಳ ಕಣ್ಣಿಗೆ ಬೀಳುವ ಹಾಗೆ.

ಅಂಥ ಜನವರಿಯಲ್ಲಿ ಹೆಸರಘಟ್ಟದ ಕಡೆಯ ಒಂದು ಹಳ್ಳಿಯ ಹಾಲಿನ ಡೇರಿಯಿಂದ ದೂರು ಬಂತು. ಅಲ್ಲಿನ ಕಾರ್ಯದರ್ಶಿ ದಾಸಪ್ಪ ಫೋನಿನಲ್ಲಿ ಕೂಗಿದ್ದು ಇಡೀ ಕೋಣೆಗೆ ಕೇಳಿಸಿತು: "ಸ್ವಾಮಿ, ಹಸು ಕರೆಯೋದಕ್ಕಿಂತ ಹೆಚ್ಚು ಹೊತ್ತು ನಮ್ ಜನ ನಿಮ್ ಮಿಷನ್ ಮುಂದೆ ನಿಲ್ತಾರೆ! ಒಂದು ಲೋಟಕ್ಕೆ ಒಂದೊಂದು ಸಲ ಎರಡು ಸಲ ಒತ್ತಬೇಕು!"

ಕೆಲಸ ಪುನೀತನಿಗೆ ಹೋಯಿತು. ಇಪ್ಪತ್ತಾರರ ಚುರುಕು ಇಂಜಿನಿಯರ್, ಮಾತಿಗೆ ಮುಂಚೆ ನಗುವವನು. ಹಾಲು ಅಳೆಯುವ ಸೆನ್ಸರನ್ನು ನಡೆಸುವ, ಡ್ರೈವರ್ ಎಂಬ ಕೋಡಿನ ಕಡತ ತೆಗೆದವನೇ ತಲೆ ಮೇಲೆ ಕೈಯಿಟ್ಟುಕೊಂಡ. ಒಂದು ಇಫ್, ಅಂದರೆ 'ಹೀಗಿದ್ದರೆ' ಎಂಬ ಪ್ರಶ್ನೆ, ಅದರ ಹೊಟ್ಟೆಯಲ್ಲಿ ಇನ್ನೊಂದು ಇಫ್, ಅದರ ಹೊಟ್ಟೆಯಲ್ಲಿ ಮತ್ತೊಂದು. ಕರೆಂಟು ಇದ್ದರೆ, ಸೆನ್ಸರ್ ಉತ್ತರಿಸಿದರೆ, ಅದು ಬೆಚ್ಚಗಾಗಿದ್ದರೆ... ಹೀಗೆ ಏಳು. ಅಂಕಿ ತೋರಿಸುವ ನಿಜವಾದ ಕೆಲಸ ಏಳನೆಯದರ ಒಳಗೆ, ಪುಟದ ಬಲ ಅಂಚಿಗೆ ಒತ್ತಿಕೊಂಡು ಕೂತಿತ್ತು. ಆಮೇಲೆ ಕೆಳಗೆ ಸಾಲಾಗಿ 'ಇಲ್ಲದಿದ್ದರೆ' ಎನ್ನುವ ಏಳು ಎಲ್ಸ್‌ಗಳು. ಯಾವ ಎಲ್ಸ್ ಯಾವ ಇಫ್‌ನದೆಂದು ತಿಳಿಯಲು ಸ್ಕೇಲ್ ಹಿಡಿದು ಗೆರೆ ಎಳೆಯಬೇಕಿತ್ತು.

"ಗುರು, ಇದು ಕೋಡಲ್ಲ, ಚಕ್ರವ್ಯೂಹ," ಅಂದ ಪುನೀತ್. ಒಂದೇ ದಿನದಲ್ಲಿ ಎಲ್ಲವನ್ನೂ ಬಿಚ್ಚಿ ಮೇಲಿಂದ ಕೆಳಕ್ಕೆ ನೇರ ಬರೆದ; ಬೇಕಾದ್ದು ಇಲ್ಲದ ಕಡೆಯೇ ರಿಟರ್ನ್, ಅಂದರೆ ಅಲ್ಲಿಂದಲೇ ಹೊರಡು. ಇದು ಇಲ್ಲವೇ? ರಿಟರ್ನ್. ಅದು ಇಲ್ಲವೇ? ರಿಟರ್ನ್. ಎಲ್ಲ ಸರಿಯಿದ್ದರೆ ಕೆಲಸ. ಟೆಸ್ಟಿಂಗ್ ಮೇಜಿನ ಮೇಲೆ ಅದು ಚಿಟ್ಟೆಯ ಹಾಗೆ ಹಾರಿತು. ಡೇರಿಗೆ ಹಾಕಿದ ಮೊದಲ ಬೆಳಗ್ಗೆ ಎಂಟು ಲೋಟ ಅಳೆದು, ಒಂಬತ್ತನೆಯದಕ್ಕೆ ಕಲ್ಲಾಗಿ ಕೂತಿತು. ಒತ್ತಿದರೂ ಇಲ್ಲ, ಬೈದರೂ ಇಲ್ಲ.

ಪುನೀತ್ ಮೇಜಿನ ಮೇಲೆ ಒಂಬತ್ತು ಲೋಟ ಹಾಕಿ ನೋಡಿದ, ತೊಂಬತ್ತು ಹಾಕಿ ನೋಡಿದ. ಒಮ್ಮೆಯೂ ನಿಲ್ಲಲಿಲ್ಲ. ವಿಜಯಕುಮಾರ ಹಳೆಯ ಕೋಡನ್ನೇ ವಾಪಸ್ ಹಾಕಿಸಿದರು.

"ಅದಕ್ಕ ನಾ ಹೇಳೂದು," ಅಂದರು. "ಒಂದು ಫಂಕ್ಷನ್ನಿಗೆ ಹೊರಗ ಹೋಗ್ಲಿಕ್ಕೆ ಒಂದ ಬಾಗಲಾ. ನಡುವ ನಡುವ ರಿಟರ್ನ್ ಅಂತ ಎದ್ದು ಹೋದ್ರ ಹಿಂಗ ಆಗ್ತದ. ಹಳೇದು ನಿಧಾನ ಇರಬಹುದು, ಆದ್ರ ನಿಂತಿಲ್ಲಲ್ಲ?"

"ಸರ್," ಅಂದಳು ರಾಣಿ. "ನಾನೊಂದು ಸಲ ನೋಡ್ಲಾ?"

ಅವರು ಕನ್ನಡಕದ ಮೇಲಿನಿಂದ ನೋಡಿದರು. "ನೋಡ್ರಿ. ಬರೂ ಶನಿವಾರ ಮುಂಜಾನೆ ಡೇರಿಗೆ ನಾನೂ ಬರ್ತೀನಿ. ಅಲ್ಲಿ ಮತ್ತ ನಿಂತ್ರ ಆ ಡೇರಿಯವರು ನಮ್ಮ ಮಿಷನ್ ಎತ್ತಿ ಹೊರಗ ಇಡ್ತಾರ. ನಿಮ್ಮ ಆರು ತಿಂಗಳಿಗೂ ಅದ ಕಡೇ ಪರೀಕ್ಷಾ ಅಂತ ತಿಳೀರಿ."

ಭಾನುವಾರ ಮಧ್ಯಾಹ್ನ ರಾಣಿ ಮನೆಯ ನಡುಮನೆಯಲ್ಲಿ ಹಳೆಯ ಕೋಡಿನ ಪುಟಗಳನ್ನು ಉದ್ದಕ್ಕೆ ಹಾಸಿಕೊಂಡಿದ್ದಳು. ಅತ್ತೆ ಮುನಿಯಲ್ಲಮ್ಮ ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಳು ಆರಿಸುತ್ತಿದ್ದಳು. ಅಕ್ಷರ ಬಾರದ ಮುನಿಯಲ್ಲಮ್ಮನಿಗೆ ಪುಟದಲ್ಲಿ ಕಾಣುವುದು ಆಕಾರ ಮಾತ್ರ.

"ಏನಮ್ಮೀ ಇದು, ಎಲ್ಲಾ ಬಲಕ್ಕೇ ಓಡೋಗ್ತಾವೆ? ಕಾಗ್ದ ಓರೆಯಾಗಿ ಇಟ್ಟಿದ್ಯಾ?"

"ಇಲ್ಲ ಅತ್ತೆ. ಇದು ಆದ್ರೆ ಅದು ನೋಡು, ಅದು ಆದ್ರೆ ಇನ್ನೊಂದು ನೋಡು ಅಂತ ಒಳಗೊಳಗೇ ಹೋಗುತ್ತೆ. ಆ ಮೂಲೇಲಿ ಕೆಲಸ."

"ಏನ್ ನೋಡೋದು ಅಷ್ಟೊಂದು?"

ರಾಣಿ ಬೆರಳಿಟ್ಟು ಓದಿ ಹೇಳಿದಳು. ಕರೆಂಟು ನೋಡು. ಸೆನ್ಸರ್ ನೋಡು. ಬಿಸಿ ನೋಡು. ಅರವತ್ತನಾಲ್ಕು ಸಲ ಅಳೆದು ಸರಾಸರಿ ತೆಗೆ. ಆಮೇಲೆ ಐದನೆಯದು: ಹಾಲಿನ ಲೋಟ ಇಟ್ಟಿದ್ದಾರಾ ನೋಡು.

ಮುನಿಯಲ್ಲಮ್ಮ ಹುಳ ಕೊರೆದ ಕಾಳೊಂದನ್ನು ಎತ್ತಿ ಬಾಗಿಲಾಚೆ ಎಸೆದಳು. "ಅಳೆದಾದ್ಮ್ಯಾಕೆ ಲೋಟ ಐತಾ ಅಂತ ನೋಡ್ತದಾ? ಯಾವನಮ್ಮಾ ಬರ್ದೋನು? ನಾನು ಅವ್ರೆಕಾಳ್ನ ನೆನ್ಸಿ, ಇದ್ಕಿ, ಸಾರಿಗಾಕಿ, ಆಮ್ಯಾಕೆ ಉಳ ಐತಾ ಅಂತ ನೋಡಿದ್ರೆ ನಿನ್ ಗಂಡ ಉಣ್ತಾನಾ?"

ರಾಣಿ ಪುಟದ ಮೇಲಿಟ್ಟ ಬೆರಳನ್ನು ಎತ್ತಲೇ ಇಲ್ಲ. ಬೆಳಗಿನ ನೂಕುನುಗ್ಗಲಿನಲ್ಲಿ ಲೋಟ ಸರಿಯಾಗಿ ಕೂರುವ ಮುಂಚೆಯೇ ಯಾರೋ ಗುಂಡಿ ಒತ್ತುತ್ತಾರೆ. ಯಂತ್ರ ಆರು ಸೆಕೆಂಡು ಬರೀ ಗಾಳಿಯನ್ನು ಶ್ರದ್ಧೆಯಿಂದ ಅಳೆಯುತ್ತದೆ. ಅರವತ್ತನಾಲ್ಕು ಸಲ! ಆಮೇಲೆ ಲೋಟ ಇಲ್ಲ ಎನ್ನುತ್ತದೆ. ಮತ್ತೆ ಒತ್ತಬೇಕು. ಹೊಸದೊಂದು ಪ್ರಶ್ನೆ ಬಂದಾಗಲೆಲ್ಲ ಯಾರೋ ಅದನ್ನು ಇದ್ದುದರ ಹೊಟ್ಟೆಯೊಳಗೆ ಸೇರಿಸುತ್ತಾ ಹೋಗಿದ್ದರು. ಯಾವುದು ಮೊದಲು ಯಾವುದು ಆಮೇಲೆ ಎಂದು ಯಾರಿಗೂ ಕಾಣದಷ್ಟು ಒಳಗೆ.

"ಅತ್ತೆ," ಅಂದಳು, "ನೀವು ನಮ್ ಆಫೀಸಿಗೆ ಬಂದ್ಬಿಡಿ."

"ಬಸ್ಸಲ್ಲಿ ಜಾಗ ಇಡಿ, ಬತ್ತೀನಿ," ಅಂದಳು ಮುನಿಯಲ್ಲಮ್ಮ.

ನಿಧಾನದ ಗುಟ್ಟು ಸಿಕ್ಕಿತು. ಆದರೆ ಪುನೀತನ ಕೋಡು ನಿಂತದ್ದೇಕೆ? ಅದರಲ್ಲಿ ಲೋಟದ ಪ್ರಶ್ನೆ ಮೇಲೆಯೇ ಇತ್ತು. ಓದಿದರೆ ಕಾಗದ ಬರೆದ ಹಾಗೆ ನೇರ, ಸ್ವಚ್ಛ. ಸೋಮವಾರ ಓದಿದಳು, ಮಂಗಳವಾರ ಓದಿದಳು. ತಪ್ಪು ಕಾಣಲಿಲ್ಲ. ಬುಧವಾರ ನಾಲ್ಕು ಗಂಟೆಗೆ ಪುನೀತ್ ಬ್ಯಾಗ್ ಹೆಗಲಿಗೇರಿಸಿ ಎದ್ದ.

"ಮೇಡಂ, ನಾನು ಒಂದು ಗಂಟೆ ಪರ್ಮಿಷನ್ ಹಾಕಿದ್ದೀನಿ. ಬರ್ತೀನಿ."

ಪರ್ಮಿಷನ್. ಆ ಪದ ಅವಳನ್ನು ಹದಿನೈದು ವರ್ಷ ಹಿಂದಕ್ಕೆ, ಪೀಣ್ಯದ ಕಾರ್ಖಾನೆಗೆ ಎಳೆದೊಯ್ದಿತು. ಅತ್ತೆಯ ಕಣ್ಣು ತೋರಿಸಲು ಅವಳೂ ಒಂದು ದಿನ ಹೀಗೆಯೇ ಒಂದು ಗಂಟೆ ಪರ್ಮಿಷನ್ ಹಾಕಿ ಬೇಗ ಹೊರಟಿದ್ದಳು. ಬೆಸುಗೆ ಸಾಮಾನಿನ ಬೀರುವಿನ ಬೀಗದ ಕೈ ಅವಳ ಸೊಂಟದಲ್ಲೇ ಉಳಿದಿತ್ತು. ಸೆಕೆಂಡ್ ಶಿಫ್ಟಿನ ಮೂವತ್ತೆಂಟು ಹೆಂಗಸರು ಬೀರುವಿನ ಮುಂದೆ ಕೈಕಟ್ಟಿ ನಿಂತರಂತೆ. ಮರುದಿನ ಸೂಪರ್‌ವೈಸರ್ ಮುನಿಕೃಷ್ಣಮ್ಮ ಎಲ್ಲರೆದುರು ಹೇಳಿದ ಮಾತು ಅವಳಿಗೆ ಅಕ್ಷರ ಅಕ್ಷರವೂ ನೆನಪಿತ್ತು: "ನೀನು ಬೇಗ ಹೋಗಿದ್ದು ತಪ್ಪಲ್ಲ ಕಣೇ. ಬೀಗದ ಕೈ ಎತ್ಕೊಂಡು ಹೋಗಿದ್ದು ತಪ್ಪು." ಅಂದೇ ಆ ಸೂಪರ್‌ವೈಸರ್ ಗೇಟಿನ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆಸಿದಳು. ಯಾವ ಹೊತ್ತಿಗೆ ಯಾರು ಹೊರಟರೂ ಬೀಗದ ಕೈ ಮೊಳೆಗೆ ಹಾಕಿಯೇ ಹೋಗಬೇಕು.

ರಾಣಿ ಪರದೆಯ ಕಡೆ ತಿರುಗಿದಳು. ಕರ್ನೆಲ್ಲಿನಲ್ಲೂ ಬೀಗವಿದೆ. ಲಾಕ್ ಎನ್ನುತ್ತಾರೆ. ಒಬ್ಬರು ಸೆನ್ಸರ್ ಬಳಸುವಾಗ ಇನ್ನೊಬ್ಬರು ಕೈ ಹಾಕದಂತೆ ಮೊದಲೇ ಬೀಗ ಹಾಕಿ, ಮುಗಿದ ಮೇಲೆ ತೆಗೆಯಬೇಕು. ಪುನೀತನ ಕೋಡಿನಲ್ಲಿ ಬೀಗ ಹಾಕುವ ಸಾಲು ಮೇಲಿತ್ತು. ತೆಗೆಯುವ ಸಾಲು ಎಲ್ಲಕ್ಕಿಂತ ಕೆಳಗಿತ್ತು. ನಡುವೆ ಐದು ರಿಟರ್ನ್‌ಗಳು. ಐದೂ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದವು! ಆಮೇಲೆ ಬಂದವರು ಬೀಗ ತೆರೆಯುವುದನ್ನೇ ಕಾಯುತ್ತಾ ಎಂದೆಂದಿಗೂ ನಿಲ್ಲಬೇಕು.

"ಪುನೀತ್! ಒಂದ್ನಿಮಿಷ!"

ಬಾಗಿಲ ತನಕ ಹೋಗಿದ್ದವನು ಬಂದ. ಅವಳು ಅವನ ಕೋಡು ಹಾಕಿದ ಯಂತ್ರವನ್ನು ಎಳೆದುಕೊಂಡು, ಲೋಟವನ್ನು ತೆಗೆದು ಪಕ್ಕಕ್ಕಿಟ್ಟು ಗುಂಡಿ ಒತ್ತಿದಳು. ಲೋಟ ಇಲ್ಲ ಎಂದಿತು. ಲೋಟ ಇಟ್ಟು ಮತ್ತೆ ಒತ್ತಿದಳು. ಕಲ್ಲು.

"ಅಯ್ಯಯ್ಯೋ, ಸಿಕ್ತು ಮಗಾ!" ಎಂದು ಕಿರುಚಿದ ಪುನೀತ್, ನಾಲಿಗೆ ಕಚ್ಚಿಕೊಂಡ. "ಸಾರಿ ಮೇಡಂ. ಆದ್ರೆ ಟೆಸ್ಟಿಂಗಲ್ಲಿ ಯಾಕೆ ಸಿಗ್ಲಿಲ್ಲ ಇದು?"

ರಾಣಿ ಗೋಡೆಯ ಮೇಲಿನ ಟೆಸ್ಟಿಂಗ್ ಹಾಳೆಯ ಕಡೆ ನೋಡಿದಳು. ಅದರ ಮೊದಲ ಸಾಲು: ಲೋಟವನ್ನು ಸರಿಯಾಗಿ ಇಡಿ. ಒಂಬತ್ತು ವರ್ಷಗಳಿಂದ ಎಲ್ಲರೂ ತಪ್ಪದೆ ಪಾಲಿಸಿದ ಸಾಲು. ಕೈಬರಹ ಅವಳದೇ.

"ನನ್ನಿಂದಲೇ ಸಿಗ್ಲಿಲ್ಲ ಕಣಪ್ಪ," ಅಂದಳು. ನಗು ಬಂತು. "ನೀನು ಹೊರಡು, ನಿನ್ ಪರ್ಮಿಷನ್ ಮುಗಿದೋಗುತ್ತೆ."

ಗುರುವಾರ ಅವಳು ಬರೆದಳು. ಪ್ರತಿ ರಿಟರ್ನಿನ ಮುಂದೆಯೂ ಬೀಗ ತೆಗೆಯುವ ಸಾಲು ಸೇರಿಸಬಹುದಿತ್ತು. ಆದರೆ ಮುಂದಿನ ವರ್ಷ ಯಾರೋ ಆರನೆಯ ರಿಟರ್ನ್ ಬರೆದು ಮರೆಯುತ್ತಾರೆ. ಅದಕ್ಕೆ ಫಂಕ್ಷನ್ನಿನ ಕೊನೆಯಲ್ಲಿ ಒಂದು ಮೊಳೆ ಹೊಡೆದಳು. ಬೀಗ ತೆಗೆದು ಹೊರಡುವ ಒಂದು ಜಾಗ, ಅದಕ್ಕಿಟ್ಟ ಹೆಸರೂ ಮೊಳೆಯೇ. ನಡುವೆ ಯಾವುದು ಇಲ್ಲದಿದ್ದರೂ ಕೆಲಸ ಬಿಟ್ಟು ನೇರ ಅಲ್ಲಿಗೆ ನೆಗೆಯಬೇಕು. ನೆಗೆಯಲು ಸಿ ಭಾಷೆಯಲ್ಲಿ ಒಂದು ಪದವಿದೆ, ಗೋಟು, ಅಂದರೆ 'ಅಲ್ಲಿಗೆ ಹೋಗು'.

ಶುಕ್ರವಾರ ಅದನ್ನು ಕಂಡ ವಿಜಯಕುಮಾರ ಕುರ್ಚಿಯಲ್ಲಿ ಅರ್ಧ ಎದ್ದರು.

"ಗೋಟು? ರಾಣಿಯವರ, ಏನ್ರೀ ಇದು! ಕಾಲೇಜಿನಾಗ ಒಂದು ಗೋಟು ಬರದ್ರ ನಮ್ಮ ಸರ್ ಹತ್ತು ಮಾರ್ಕ್ಸ್ ಕಟ್ ಮಾಡ್ತಿದ್ರು. ಮುಖಾ ನೋಡ್ತಿರಲಿಲ್ಲ!"

"ನನಗೆ ಯಾರೂ ಕಟ್ ಮಾಡ್ಲಿಲ್ಲ ಸರ್. ನಾನು ಕಾಲೇಜಿಗೇ ಹೋಗ್ಲಿಲ್ಲವಲ್ಲ."

ಪುನೀತ್ ಕೆಮ್ಮುವ ನೆಪದಲ್ಲಿ ಮುಖ ಮುಚ್ಚಿಕೊಂಡ.

"ನಾನು ಕಲ್ತಿದ್ದು ಇದನ್ನ ಓದಿ," ಎಂದು ರಾಣಿ ಪಕ್ಕದ ಪರದೆಯಲ್ಲಿ ಕರ್ನೆಲ್ಲಿನ ಕಡತಗಳನ್ನು ತೆರೆದಳು. ಒಂದಾದ ಮೇಲೊಂದು. ಪ್ರತಿಯೊಂದರಲ್ಲೂ ಅದೇ ನಡಿಗೆ: ಮೇಲೆ ಪ್ರಶ್ನೆಗಳು, ನಡುವೆ ಕೆಲಸ, ಕೆಳಗೆ ಎಲ್ಲವನ್ನೂ ಬಿಚ್ಚಿ ಕೊಟ್ಟು ಹೊರಡುವ ಒಂದು ಜಾಗ. "ಇಲ್ಲಿ ಎಲ್ಲರೂ ಹೀಗೇ ಬರೀತಾರೆ ಸರ್."

ವಿಜಯಕುಮಾರ ಸುಲಭಕ್ಕೆ ಸೋಲುವವರಲ್ಲ. ಏಳು ಇಫ್‌ಗಳ ಕೋಡನ್ನೂ ಅವಳ ಕೋಡನ್ನೂ, ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿಟ್ಟು, ಕಂಪೈಲರ್ ಮೂಲಕ ಯಂತ್ರದ ಭಾಷೆಗೆ ಇಳಿಸಿ ಅಕ್ಕಪಕ್ಕ ಹಿಡಿದರು. "ನೋಡ್ರಿ. ಹೆಚ್ಚೂ ಕಡಿಮಿ ಎರಡೂ ಒಂದ ಆಗ್ಯಾವು. ಕಂಪೈಲರಿಗೆ ಒಳಗೊಳಗ ಬರದ್ರೂ ಅಷ್ಟ, ನೆಟ್ಟಗ ಬರದ್ರೂ ಅಷ್ಟ. ಮತ್ತ ನಿಮ್ಮದು ಹೆಂಗ ಜೋರು ಓಡ್ತದ?"

"ಯಂತ್ರಕ್ಕೆ ಒಂದೇ ಸರ್. ಓದೋ ನನಗೆ ಒಂದೇ ಅಲ್ಲ. ಲೋಟದ ಪ್ರಶ್ನೆ ಐದನೇ ಇಫ್‌ನ ಹೊಟ್ಟೇಲಿ ಇಷ್ಟು ವರ್ಷ ಕೂತಿತ್ತು, ಯಾರ ಕಣ್ಣಿಗಾದ್ರೂ ಬಿತ್ತಾ? ನೇರ ಬರೆದ್ರೆ ಯಾವುದು ಮೊದಲು ಕೇಳಬೇಕು ಅಂತ ಕಾಣುತ್ತೆ. ಜೋರು ಬರೋದು ಅಲ್ಲಿಂದ."

ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅವಳ ಕೋಡನ್ನು ಮೇಲಿಂದ ಓದತೊಡಗಿದರು, ತುಟಿ ಅಲ್ಲಾಡಿಸುತ್ತಾ. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ಮ್ಯಾಲ ಎರಡು ಬರೀ ರಿಟರ್ನ್ ಅದಾವು. ಇವು ಮೊಳಿಗೆ ಹೋಗಂಗಿಲ್ಲ?"

"ಅವು ಬೀಗ ಹಾಕೋಕೆ ಮುಂಚೆ ಸರ್. ಬೀಗದ ಕೈ ತಗೊಳ್ಳದೇ ಇರೋರು ವಾಪಸ್ ಕೊಡೋದೇನಿದೆ?"

ವಿಜಯಕುಮಾರ ಕೊನೆಯ ತನಕ ಓದಿದರು. ಮತ್ತೆ ಮೊದಲಿಂದ ಓದಿದರು. ಆಮೇಲೆ ಅವರ ಮುಖದಲ್ಲಿ ನಿಧಾನಕ್ಕೆ ಏನೋ ಬೆಳಗಿತು. "ಬೀಗ ಹಾಕಿದ ಮ್ಯಾಲ ಹೊರಗ ಹೋಗ್ಲಿಕ್ಕೆ ಬಾಗಲಾ ಒಂದ ಐತಲ್ರೀ!"

"ನಿಮ್ಮ ರೂಲ್ ನಾನು ಮುರಿದಿಲ್ಲ ಸರ್. ಬಾಗಿಲು ಒಂದೇ. ಅಲ್ಲಿಗೆ ಹೋಗೋಕೆ ಏಳು ಕೋಣೆ ದಾಟಬೇಕಾಗಿಲ್ಲ, ಅಷ್ಟೇ."

ಶನಿವಾರ ಬೆಳಗಿನ ಐದೂಮುಕ್ಕಾಲಿಗೆ ಹೆಸರಘಟ್ಟದ ಬಯಲಿನ ಮೇಲೆ ಮಂಜು ಹಾಲಿನ ಕೆನೆಯಂತೆ ಕೂತಿತ್ತು. ಡೇರಿಯ ಮುಂದೆ ಕ್ಯಾನು ಹಿಡಿದವರ ಸಾಲು ಬೀದಿ ತನಕ ಬೆಳೆದಿತ್ತು. ರಾಣಿ ಹೊಸ ಕೋಡು ಹಾಕಿ ಎದ್ದು ನಿಂತಳು. ಒಂದು ಲೋಟ, ಎರಡು, ಎಂಟು. ಒಂಬತ್ತನೆಯದಕ್ಕೆ ದಾಸಪ್ಪ ಯಂತ್ರಕ್ಕೆ ಕೈ ಮುಗಿದ. ಅದು ಆರು ಸೆಕೆಂಡಿನಲ್ಲಿ ಅಂಕಿ ತೋರಿಸಿ ಮುಂದಿನವರನ್ನು ಕರೆಯಿತು.

"ಸಾಕಾಗಂಗಿಲ್ಲ," ಅಂದರು ವಿಜಯಕುಮಾರ, ಮಫ್ಲರಿನೊಳಗಿಂದ. "ಕೆಡಿಸಿ ನೋಡ್ರಿ."

ರಾಣಿ ಸಾಲಿನ ಮುಂದೆ ನಿಂತು ಲೋಟ ಇಲ್ಲದೆಯೇ ಗುಂಡಿ ಒತ್ತಿದಳು. ಕೈ ತೆಗೆಯುವ ಮುಂಚೆಯೇ ಪರದೆ "ಲೋಟ ಇಡಿ" ಎಂದಿತು. ಮತ್ತೆ ಒತ್ತಿದಳು. ಲೋಟ ಇಡಿ. ಅಳೆಯುತ್ತಿರುವಾಗಲೇ ಲೋಟ ಕಿತ್ತಳು, ಸೆನ್ಸರಿನ ತಂತಿ ಎಳೆದಳು, ಸಿಕ್ಕಿಸಿದಳು. ಪ್ರತಿ ಸಲವೂ ಯಂತ್ರ ತಪ್ಪು ಹೇಳಿ, ಬೀಗ ತೆಗೆದಿಟ್ಟು, ಮುಂದಿನದಕ್ಕೆ ತಯಾರಾಗಿ ನಿಂತಿತು. ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಯಾಕಮ್ಮಾ ಅದನ್ನ ಅಂಗ್ ಗೋಳಾಡಿಸ್ತೀಯಾ? ನಮ್ ಆಲು ಅಳೀಲಿ ಬಿಡು!" ಎಂದು ಕೂಗಿದಳು. ಸಾಲೆಲ್ಲ ನಕ್ಕಿತು.

ದಿನವೂ ಏಳೂವರೆ ದಾಟುತ್ತಿದ್ದ ಸಾಲು ಏಳು ಗಂಟೆಗೆ ಮುಂಚೆಯೇ ಕರಗಿ ಬಾಗಿಲಿನೊಳಗೆ ಬಂದಿತ್ತು. ದಾಸಪ್ಪ ಗಡಿಯಾರ ನೋಡಿ, ಅದು ನಿಂತಿದೆಯೇನೋ ಎಂದು ಬೆರಳಿಂದ ತಟ್ಟಿದ. ವಿಜಯಕುಮಾರ ಕೊನೆಯ ಲೋಟದ ಅಂಕಿಯನ್ನೂ ಬಗ್ಗಿ ನೋಡಿದರು. ಆಮೇಲೆ ರಾಣಿಯ ಹತ್ತಿರ ಬಂದು, ಮಾಮೂಲಿ ಮಾತಾಡುವ ದನಿಯಲ್ಲೇ ಹೇಳಿದರು:

"ಟೆಸ್ಟಿಂಗಿನಾಗ ನಿಮ್ಮ ಕುರ್ಚಿಗೆ ಬ್ಯಾರೆಯವರನ್ನ ತಗೋತೀನ್ರೀ. ಎಷ್ಟು ದಿನ ಖಾಲಿ ಇಡೂದು?"

ರಾಣಿಗೆ ಆ ಮಾತು ಒಳಗಿಳಿಯಲು ಒಂದು ಗಳಿಗೆ ಬೇಕಾಯಿತು. ಇಳಿದ ಮೇಲೆ ಅವಳು ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯದೆ, ಸೆರಗು ಹಿಡಿಯದೆ, ಕ್ಯಾನುಗಳ ನಡುವೆ ನಿಂತು ಜೋರಾಗಿ ನಕ್ಕಳು. ಬೇಲಿಯ ಮೇಲಿದ್ದ ಎರಡು ಮೈನಾಗಳು ಹಾರಿದವು.

"ಏನಮ್ಮಾ," ಅಂದ ದಾಸಪ್ಪ, "ಮಿಷನ್ ಸರಿ ಹೋದ್ರೆ ಇಂಜಿನಿಯರ್ರು ಇಷ್ಟು ನಗ್ತಾರಾ?"

ನಾನು ಇಂಜಿನಿಯರ್ ಅಲ್ಲ ಎಂದು ಹೇಳುವುದು ಅವಳಿಗೆ ಒಂಬತ್ತು ವರ್ಷದ ಅಭ್ಯಾಸ. ಅವಳು ಬಾಯಿ ತೆರೆಯುವ ಮೊದಲೇ ವಿಜಯಕುಮಾರ ಮಫ್ಲರ್ ಸರಿಸಿ ಉತ್ತರ ಕೊಟ್ಟರು.

"ನಮ್ಮ ಇಂಜಿನಿಯರ್ರು ನಗ್ತಾರ್ರೀ."